ಹಸಿದವರ ಹೆಸರು ಕೇಳಿ ಬರೆದುಕೊಂಡ ಚಿತ್ರಕಾರ: ಅಂಧೇರಿಯ ಒಂಟಿ ಮನೆಯ ಚಿತ್ತಪ್ರಸಾದ್

ಮುಂಬೈನ ಸಾಂತಾಕ್ರೂಜ್ ಅಂದರೆ ಕನ್ನಡಿಗರಿಗೆ ತಟ್ಟನೆ ನೆನಪಾಗುವುದು ವಿಮಾನ ನಿಲ್ದಾಣ, ಇಲ್ಲವೇ ಬಿಲ್ಲವ ಭವನದ ಕಾರ್ಯಕ್ರಮಗಳು. ಅಲ್ಲಿಂದ ಬೋರಿವಲಿ ಕಡೆಯ ಸ್ಲೋ ಲೋಕಲ್ ಹತ್ತಿದರೆ ಮೊದಲು ವಿಲೆ ಪಾರ್ಲೆ, ಆಮೇಲೆ ಅಂಧೇರಿ. ಎರಡೇ ಸ್ಟೇಷನ್. ಕೂರಲು ಸೀಟು ಸಿಗುವಷ್ಟರಲ್ಲಿ ಇಳಿಯುವ ಹೊತ್ತಾಗಿರುತ್ತದೆ. ಇದೇ ಅಂಧೇರಿಯ ರೂಬಿ ಟೆರೇಸ್ ಎಂಬ ಕಟ್ಟಡದಲ್ಲಿ, ಸಿನಿಮಾ ಸ್ಟುಡಿಯೋಗಳ ಗದ್ದಲದ ನಡುವೆ, ಒಬ್ಬ ಬಂಗಾಳಿ ಚಿತ್ರಕಾರ ಸುಮಾರು ಮೂರು ದಶಕ ಒಬ್ಬಂಟಿಯಾಗಿ ಬದುಕಿದರು. ಅವರ ಹೆಸರು ಚಿತ್ತಪ್ರಸಾದ್. ಪೂರ್ತಿ ಹೆಸರು ಚಿತ್ತಪ್ರಸಾದ್ ಭಟ್ಟಾಚಾರ್ಯ. ಆದರೆ ಜಾತಿ ಹೇಳುವ ಆ ಕೊನೆಯ ಪದ ಅವರಿಗೆ ಬೇಡವಾಗಿತ್ತು. ಚಿತ್ರಗಳ ಮೂಲೆಯಲ್ಲಿ ಅದು ಕಾಣುವುದಿಲ್ಲ.

ಡೇನಿಶ್ ಭಾಷೆಯಲ್ಲಿ 'ಸಾಮ್‌ಫುಂಡ್ಸ್‌ಕ್ರಿಟಿಸ್ಕ್' ಎಂಬ ವಿಶೇಷಣವಿದೆ. ನಾಲಿಗೆ ಹೊರಳಿಸಲು ಕಷ್ಟ, ಅರ್ಥ ಮಾತ್ರ ಸರಳ. 'ಸಾಮ್‌ಫುಂಡ್' ಅಂದರೆ ಸಮಾಜ. ಸಮಾಜವನ್ನು ಪ್ರಶ್ನಿಸುವ, ಅದರ ತಪ್ಪನ್ನು ಎತ್ತಿ ತೋರಿಸುವ ಕಲೆ, ಬರಹ, ಚಿಂತನೆ ಯಾವುದಕ್ಕಾದರೂ ಡೆನ್ಮಾರ್ಕ್‌ನವರು ಈ ಪದ ಅಂಟಿಸುತ್ತಾರೆ. 1871ರಲ್ಲಿ ಜಾರ್ಜ್ ಬ್ರಾಂಡೆಸ್ ಎಂಬ ವಿಮರ್ಶಕ ಕೋಪನ್‌ಹೇಗನ್ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸಗಳನ್ನು ಕೊಟ್ಟು, ಸಮಾಜದ ಸಮಸ್ಯೆಗಳನ್ನು ಚರ್ಚೆಗೆ ತರದ ಸಾಹಿತ್ಯಕ್ಕೆ ಜೀವವಿಲ್ಲ ಎಂದು ವಾದಿಸಿದ ಮೇಲೆ ಅಲ್ಲಿ ಆ ಬಗೆಯ ಬರಹಕ್ಕೆ ದೊಡ್ಡ ಪರಂಪರೆಯೇ ಬೆಳೆಯಿತು. ನಮ್ಮಲ್ಲಿ ಇದಕ್ಕೆ ಒಂದೇ ಪದ ಇಲ್ಲ. ಅನಕೃ ಕಾಲದಲ್ಲಿ ಪ್ರಗತಿಶೀಲ ಅಂದೆವು, 1970ರ ದಶಕದ ಕೊನೆಯ ಹೊತ್ತಿಗೆ ಬಂಡಾಯ ಅಂದೆವು.

ಅಂಧೇರಿಯ ಚಿತ್ರಕಾರನಿಗೂ ಡೆನ್ಮಾರ್ಕ್‌ಗೂ ಏನು ನಂಟು? ಇದೆ. ಈ ದೇಶದ ದುಡಿಯುವ ಮಕ್ಕಳ ಬಗ್ಗೆ ಅವರು ಮಾಡಿದ ಚಿತ್ರಮಾಲೆಯನ್ನು ಪುಸ್ತಕವಾಗಿ ಹೊರತಂದದ್ದು ಮುಂಬೈ ಅಲ್ಲ, ದಿಲ್ಲಿಯೂ ಅಲ್ಲ. ಅದನ್ನು 1969ರಲ್ಲಿ ಪ್ರಕಟಿಸಿದ್ದು ಯುನಿಸೆಫ್‌ನ ಡೇನಿಶ್ ಸಮಿತಿ. ಆ ಕಥೆಗೆ ಬರುವ ಮೊದಲು ಬಂಗಾಳಕ್ಕೆ ಹೋಗಿ ಬರಬೇಕು.

ಚಿತ್ತಗಾಂಗ್‌ನ ಹುಡುಗ

ಚಿತ್ತಪ್ರಸಾದ್ ಹುಟ್ಟಿದ್ದು 1915ರಲ್ಲಿ, ಕೋಲ್ಕತ್ತಾದ ಉತ್ತರಕ್ಕಿರುವ ನೈಹಾಟಿಯಲ್ಲಿ. ಕಾಲೇಜು ಓದಿದ್ದು ಈಗ ಬಾಂಗ್ಲಾದೇಶದಲ್ಲಿರುವ ಚಿತ್ತಗಾಂಗ್‌ನಲ್ಲಿ. ಸೂರ್ಯ ಸೇನ್ ಮತ್ತು ಸಂಗಡಿಗರು 1930ರಲ್ಲಿ ಬ್ರಿಟಿಷರ ಶಸ್ತ್ರಾಗಾರಕ್ಕೆ ನುಗ್ಗಿದ ಊರು ಅದು. ಅಲ್ಲಿ ಕಾಲೇಜಿಗೆ ಹೋಗುವ ಹುಡುಗ ರಾಜಕೀಯದಿಂದ ತಪ್ಪಿಸಿಕೊಳ್ಳುವುದು ಕಷ್ಟವೇ ಇತ್ತು.

ಚಿತ್ರಕಲೆಯನ್ನು ಅವರು ಯಾವ ಶಾಲೆಯಲ್ಲೂ ಕ್ರಮವಾಗಿ ಕಲಿಯಲಿಲ್ಲ. ತಾವೇ ಕಲಿತರು. ಹಳ್ಳಿಯ ಗೊಂಬೆ ಮಾಡುವವರನ್ನು, ಪಟಚಿತ್ರ ಬರೆಯುವವರನ್ನು ನೋಡಿ ಕಲಿತರು. ರೈತ ಚಳವಳಿಗೆ ಪೋಸ್ಟರ್ ಬರೆಯುತ್ತ ಕೈ ಪಳಗಿತು. ಪೋಸ್ಟರ್ ಬರೆಯುವವನಿಗೆ ಒಂದು ಕಟ್ಟುಪಾಡು ಇರುತ್ತದೆ. ಅಕ್ಷರ ಬಾರದವನಿಗೂ ದೂರದಿಂದಲೇ ವಿಷಯ ಗೊತ್ತಾಗಬೇಕು. ದಪ್ಪ ಗೆರೆ, ಕಪ್ಪು ಬಿಳುಪು, ಅನವಶ್ಯಕವಾದದ್ದು ಏನೂ ಇಲ್ಲ. ಈ ಅಭ್ಯಾಸ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ಅವರು ಕಮ್ಯುನಿಸ್ಟ್ ಪಕ್ಷ ಸೇರಿದರು. 1942ರ ಜುಲೈನಲ್ಲಿ ಬ್ರಿಟಿಷ್ ಸರ್ಕಾರ ಆ ಪಕ್ಷದ ಮೇಲಿನ ನಿಷೇಧ ತೆಗೆಯಿತು. ಕಾರಣ, ಹಿಟ್ಲರ್ ಸೋವಿಯತ್ ಒಕ್ಕೂಟದ ಮೇಲೆ ದಾಳಿ ಮಾಡಿದ ಮೇಲೆ ಪಕ್ಷ ಯುದ್ಧವನ್ನು ಬೆಂಬಲಿಸತೊಡಗಿತ್ತು. ಪಕ್ಷದ ಪ್ರಧಾನ ಕಾರ್ಯದರ್ಶಿ ಪಿ.ಸಿ. ಜೋಶಿ. ಕಾಸರಗೋಡಿನ ಕಯ್ಯೂರಿನ ನಾಲ್ವರು ರೈತ ಹೋರಾಟಗಾರರನ್ನು 1943ರ ಮಾರ್ಚ್‌ನಲ್ಲಿ ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸುವ ಮೊದಲು ಅವರನ್ನು ಕಂಡುಬಂದವರಲ್ಲಿ ಇದೇ ಜೋಶಿ ಒಬ್ಬರು. ನಿರಂಜನರ 'ಚಿರಸ್ಮರಣೆ' ಓದಿದವರಿಗೆ ಆ ಕಾಲದ ಬಿಸಿ ಗೊತ್ತಿರುತ್ತದೆ. ಜೋಶಿಯವರಿಗೆ ಒಂದು ಕಣ್ಣಿತ್ತು, ಕಲಾವಿದರನ್ನು ಗುರುತಿಸುವ ಕಣ್ಣು. ಛಾಯಾಗ್ರಾಹಕ ಸುನಿಲ್ ಜಾನಾ ಅವರನ್ನು ಎಳೆದುಕೊಂಡಂತೆಯೇ ಚಿತ್ತಪ್ರಸಾದ್ ಅವರನ್ನೂ ಪಕ್ಷದ ವಾರಪತ್ರಿಕೆ 'ಪೀಪಲ್ಸ್ ವಾರ್' ಕೆಲಸಕ್ಕೆ ಎಳೆದುಕೊಂಡರು.

1943, ಮಿಡ್ನಾಪುರ

ಆ ವರ್ಷ ಬಂಗಾಳದಲ್ಲಿ ಅಕ್ಕಿ ಇರಲಿಲ್ಲ ಎಂದು ಹೇಳುವುದು ವಾಡಿಕೆ. ಪೂರ್ತಿ ನಿಜ ಅಲ್ಲ. ಅಕ್ಕಿ ಕೊಳ್ಳುವ ದುಡ್ಡು ಬಡವರ ಕೈಯಲ್ಲಿರಲಿಲ್ಲ. 1942ರಲ್ಲಿ ಜಪಾನ್ ಬರ್ಮಾ ಹಿಡಿದ ಮೇಲೆ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಜಪಾನಿಯರು ಬಂದರೆ ಅವರಿಗೆ ಸಿಗಬಾರದೆಂದು ಸರ್ಕಾರ ಕರಾವಳಿ ಜಿಲ್ಲೆಗಳಿಂದ ಅಕ್ಕಿ ಎತ್ತಿಸಿತು, ಹತ್ತು ಜನರಿಗಿಂತ ಹೆಚ್ಚು ಮಂದಿ ಹಿಡಿಸುವ ದೋಣಿಗಳನ್ನು ವಶಕ್ಕೆ ತೆಗೆದುಕೊಂಡಿತು ಅಥವಾ ಒಡೆಸಿತು. ನದಿಯೇ ರಸ್ತೆಯಾದ ನಾಡಿನಲ್ಲಿ ದೋಣಿ ಹೋದರೆ ಮೀನುಗಾರನಿಗೆ ಕೆಲಸವಿಲ್ಲ, ರೈತನಿಗೆ ಸಂತೆಯಿಲ್ಲ. ಅದೇ ವರ್ಷ ಅಕ್ಟೋಬರ್ 16ರಂದು ಮಿಡ್ನಾಪುರದ ಕರಾವಳಿಗೆ ಭಾರಿ ಚಂಡಮಾರುತ ಬಡಿಯಿತು. ಮಿಡ್ನಾಪುರ ಆಗ ಕ್ವಿಟ್ ಇಂಡಿಯಾ ಚಳವಳಿಯ ಗಟ್ಟಿ ನೆಲೆ. ತಾಮ್ಲುಕ್‌ನಲ್ಲಿ ಜನ ತಮ್ಮದೇ ಸರ್ಕಾರ ಕಟ್ಟಿಕೊಂಡಿದ್ದರು. ದಂಗೆಕೋರ ಜಿಲ್ಲೆ ಎಂಬ ಸಿಟ್ಟಿನಲ್ಲಿ ಆಡಳಿತ ಪರಿಹಾರ ಕೊಡಲು ಮೀನಮೇಷ ಎಣಿಸಿತು. ವ್ಯಾಪಾರಿಗಳು ಧಾನ್ಯ ಬಚ್ಚಿಟ್ಟರು, ಬೆಲೆ ಏರಿತು.

ಬರಗಾಲ ಎಂದು ಸರ್ಕಾರ ಅಧಿಕೃತವಾಗಿ ಘೋಷಿಸಲೇ ಇಲ್ಲ. ಘೋಷಿಸಿದರೆ ಕ್ಷಾಮ ಸಂಹಿತೆಯ ಪ್ರಕಾರ ಪರಿಹಾರ ಕೊಡಬೇಕಿತ್ತು. ಸತ್ತವರ ಸಂಖ್ಯೆ ಎಷ್ಟು? 1945ರಲ್ಲಿ ತನಿಖಾ ಆಯೋಗ ಸುಮಾರು 15 ಲಕ್ಷ ಎಂದಿತು. ನಂತರದ ಸಂಶೋಧಕರು ಅದನ್ನು 30 ಲಕ್ಷದ ಹತ್ತಿರಕ್ಕೆ ಕೊಂಡೊಯ್ದಿದ್ದಾರೆ.

ಈ ಸಂಖ್ಯೆಯ ಮುಂದೆ ಸ್ವಲ್ಪ ನಿಲ್ಲಬೇಕು. ನಾನು ಕೆಲಸ ಮಾಡುವುದು ಸುದ್ದಿ ಡೆಸ್ಕ್‌ನಲ್ಲಿ. ದಿನಕ್ಕೆ ಹತ್ತಾರು ಸಾವಿನ ಸುದ್ದಿಗೆ ಶೀರ್ಷಿಕೆ ಕೊಡುತ್ತೇವೆ. ಮೂವರು ಸಾವು, ಏಳು ಮಂದಿಗೆ ಗಾಯ. ಸಂಖ್ಯೆ ಮುಂದೆ, ಊರು ಹಿಂದೆ. ಹೆಸರು ಬಂದರೆ ನಾಲ್ಕನೇ ಪ್ಯಾರಾದಲ್ಲಿ, ಅದೂ ಜಾಗ ಉಳಿದರೆ. ಇದು ತಪ್ಪು ಅಂತಲ್ಲ, ಕೆಲಸದ ರೀತಿಯೇ ಹಾಗೆ. ಚಿತ್ತಪ್ರಸಾದ್ ಮಿಡ್ನಾಪುರದಲ್ಲಿ ಇದನ್ನು ತಿರುವಿ ಹಾಕಿದರು.

1943ರ ನವೆಂಬರ್‌ನಲ್ಲಿ ಅವರು ಆ ಜಿಲ್ಲೆಯನ್ನು ಸುತ್ತಿದರು, ಹೆಚ್ಚಿನ ಕಡೆ ಕಾಲ್ನಡಿಗೆಯಲ್ಲಿ. ಚೀಲದಲ್ಲಿ ಕಾಗದ, ಶಾಯಿ. ರಸ್ತೆ ಬದಿ ಬಿದ್ದವರ, ಗಂಜಿ ಕೇಂದ್ರದ ಮುಂದೆ ಕೂತವರ, ಆಸ್ಪತ್ರೆಯ ನೆಲದ ಮೇಲೆ ಮಲಗಿದವರ ಮುಂದೆ ಕೂತು ಚಿತ್ರ ಬರೆದರು. ಬರೆಯುವ ಮೊದಲು ಮಾತಾಡಿಸಿದರು. ಹೆಸರೇನು, ಯಾವ ಊರು, ಏನು ಕೆಲಸ ಮಾಡುತ್ತಿದ್ದೆ, ಮನೆಯಲ್ಲಿ ಯಾರು ಉಳಿದಿದ್ದಾರೆ. ಉತ್ತರವನ್ನು ಚಿತ್ರದ ಜೊತೆಗೇ ಬರೆದಿಟ್ಟರು. ಹಾಗಾಗಿ ಅವರ ಚಿತ್ರದಲ್ಲಿ ಇರುವುದು ಒಬ್ಬ ಅನಾಮಿಕ ಹಸಿದ ಮುದುಕನಲ್ಲ. ಇಂಥ ಊರಿನ, ಇಂಥ ಹೆಸರಿನ, ಹೋದ ವರ್ಷದವರೆಗೂ ಹೊಲ ಉಳುತ್ತಿದ್ದ ಮನುಷ್ಯ. ಸತ್ತವನೊಬ್ಬನ ದೇಹವನ್ನು ನಾಯಿ, ಹದ್ದುಗಳು ತಿನ್ನುವುದನ್ನೂ ಅವರು ಕಣ್ಣು ತಿರುಗಿಸದೆ ಬರೆದರು.

ಅದೇ ಕಾಲದಲ್ಲಿ ಜೈನುಲ್ ಅಬೆದಿನ್ ಕೋಲ್ಕತ್ತಾದ ಬೀದಿಗಳಲ್ಲಿ ಅಗ್ಗದ ಕಾಗದದ ಮೇಲೆ ಕಪ್ಪು ಶಾಯಿಯಲ್ಲಿ ಬರೆದ ಬರಗಾಲದ ಚಿತ್ರಗಳು ಹೆಚ್ಚು ಪ್ರಸಿದ್ಧ. ಕಲೆಯಾಗಿ ಅವು ಬಹುಶಃ ಇನ್ನೂ ಸರಾಗ. ಆದರೆ ಅಬೆದಿನ್ ಚಿತ್ರದಲ್ಲಿ ಹಸಿವು ಕಾಣುತ್ತದೆ, ಚಿತ್ತಪ್ರಸಾದ್ ಚಿತ್ರದಲ್ಲಿ ಹಸಿದವನು ಕಾಣುತ್ತಾನೆ. ನನಗೆ ಅನ್ನಿಸುವುದು ಹಾಗೆ. ಇನ್ನೂ ಒಂದು ಮಾತು: ಚಿತ್ತಪ್ರಸಾದ್ ಚಿತ್ರ ಬರೆದು ಸುಮ್ಮನಾಗಲಿಲ್ಲ, ವರದಿಯನ್ನೂ ಬರೆದರು. ಪರಿಹಾರ ಯಾರಿಗೆ ತಲುಪಿದೆ, ಯಾರಿಗೆ ಇಲ್ಲ ಎಂಬುದನ್ನು ಪತ್ರಕರ್ತನ ಹಾಗೆ ವಿಚಾರಿಸಿಕೊಂಡು ಬಂದರು.

ಚಿತ್ತಗಾಂಗ್‌ನಲ್ಲಿ ಆ ದಿನಗಳಲ್ಲಿ ಅವರ ಬೆನ್ನು ಹತ್ತಿದ ಒಬ್ಬ ತರುಣನಿದ್ದ. ಹಸಿದವರ ಮುಂದೆ ಕೂತು ಬರೆಯುವುದನ್ನು ಅವನು ಕಲಿತದ್ದು ಚಿತ್ತಪ್ರಸಾದ್ ಅವರಿಂದ. ಅವನೇ ಮುಂದೆ ದೊಡ್ಡ ಶಿಲ್ಪಿ, ಮುದ್ರಣ ಕಲಾವಿದ ಎನಿಸಿಕೊಂಡ ಸೋಮನಾಥ ಹೋರೆ.

ಸುಟ್ಟುಹೋದ 5000 ಪ್ರತಿ

ಪ್ರವಾಸದ ಚಿತ್ರಗಳು ಮತ್ತು ಬರಹ ಸೇರಿ 'ಹಂಗ್ರಿ ಬೆಂಗಾಲ್' ಎಂಬ ಪುಸ್ತಿಕೆಯಾಯಿತು. ಅಚ್ಚಾದದ್ದು ಮುಂಬೈನಲ್ಲಿ, 5000 ಪ್ರತಿ. ಬ್ರಿಟಿಷ್ ಸರ್ಕಾರ ಅದನ್ನು ಜಪ್ತಿ ಮಾಡಿ ನಾಶ ಮಾಡಿಸಿತು.

ಯುದ್ಧವನ್ನು ಬೆಂಬಲಿಸುತ್ತಿದ್ದ ಪಕ್ಷ, ಆ ಕಾರಣಕ್ಕೇ ಕಾನೂನಿನ ಒಪ್ಪಿಗೆ ಪಡೆದ ಪಕ್ಷ, ಅದರ ಕಾರ್ಯಕರ್ತ ಬರೆದ ಪುಸ್ತಕ. ಆದರೂ ಸರ್ಕಾರ ಹೆದರಿತು. ಕ್ವಿಟ್ ಇಂಡಿಯಾ ಸಮಯದಲ್ಲಿ ಕಮ್ಯುನಿಸ್ಟರು ತಳೆದ ನಿಲುವಿನ ಬಗ್ಗೆ ಇವತ್ತಿಗೂ ಜಗಳವಿದೆ, ಇರಲೇಬೇಕು. ಚಿತ್ತಪ್ರಸಾದ್ ಆ ನಿಲುವಿನ ಒಳಗೇ ಇದ್ದವರು. ಆದರೆ ಅವರ ಶಾಯಿಯ ಚಿತ್ರಗಳು ಪಕ್ಷದ ನಿಲುವನ್ನು ಮೀರಿ ಹೋದವು ಅನ್ನುವುದಕ್ಕೆ ಆ ಬೆಂಕಿಗಿಂತ ಬೇರೆ ಸಾಕ್ಷಿ ಬೇಕಿಲ್ಲ. ಅದೇ 1943ರ ಆಗಸ್ಟ್‌ನಲ್ಲಿ ಕೋಲ್ಕತ್ತಾದ 'ದಿ ಸ್ಟೇಟ್ಸ್‌ಮನ್' ಸಂಪಾದಕ ಇಯಾನ್ ಸ್ಟೀಫನ್ಸ್ ಬರಗಾಲದ ಫೋಟೋಗಳನ್ನು ಪ್ರಕಟಿಸಿ ಜಗತ್ತಿನ ಕಣ್ಣು ತೆರೆಸಿದ್ದರು. ಅವರು ಬ್ರಿಟಿಷರು, ಪತ್ರಿಕೆಯೂ ಬ್ರಿಟಿಷ್ ಒಡೆತನದ್ದು. ಪತ್ರಿಕೆ ಉಳಿಯಿತು. ಪುಸ್ತಿಕೆ ಉಳಿಯಲಿಲ್ಲ.

5000ದಲ್ಲಿ ಒಂದು ಪ್ರತಿ ಮಾತ್ರ ಹೇಗೋ ತಪ್ಪಿಸಿಕೊಂಡಿತು. ಅದರ ವಿಷಯ ಆಮೇಲೆ.

ಮುಂಬೈ ಎಂಬ ಕಮ್ಯೂನ್

1940ರ ದಶಕದ ನಡುವಿನ ಮುಂಬೈಯನ್ನು ಇವತ್ತು ಊಹಿಸಿಕೊಳ್ಳುವುದು ಕಷ್ಟ. ಇಂಡಿಯನ್ ಪೀಪಲ್ಸ್ ಥಿಯೇಟರ್ ಅಸೋಸಿಯೇಷನ್, ಅಂದರೆ ಇಪ್ಟಾ, ಹುಟ್ಟಿದ್ದು 1943ರ ಮೇ ತಿಂಗಳಲ್ಲಿ ಇದೇ ಊರಿನಲ್ಲಿ. ಅದರ ಕೇಂದ್ರ ತಂಡದವರು ಇದ್ದದ್ದು ಅಂಧೇರಿಯಲ್ಲಿ, ಒಂದೇ ಮನೆಯಲ್ಲಿ, ಒಂದೇ ಅಡುಗೆಯಲ್ಲಿ. ನೃತ್ಯ ಸಂಯೋಜಕ ಶಾಂತಿ ಬರ್ಧನ್ ಅಲ್ಲಿದ್ದರು. ಇನ್ನೂ ಇಪ್ಪತ್ತೈದು ದಾಟಿರದ ಸಿತಾರ್ ವಾದಕ ರವಿಶಂಕರ್ ಕೆಲಕಾಲ ಅಲ್ಲಿದ್ದರು. ಬರಗಾಲ ಪರಿಹಾರಕ್ಕೆ ದುಡ್ಡು ಎತ್ತಲು ಈ ತಂಡಗಳು ಊರೂರು ಸುತ್ತಿದವು.

ಇಪ್ಟಾದ ಲಾಂಛನ ನೋಡಿದ್ದೀರಾ? ನಗಾರಿ ಬಾರಿಸುವ ಮನುಷ್ಯ. ಅದನ್ನು ಬರೆದವರು ಚಿತ್ತಪ್ರಸಾದ್. ಇವತ್ತಿಗೂ ದೇಶದ ಯಾವುದೋ ಮೂಲೆಯಲ್ಲಿ ಇಪ್ಟಾ ನಾಟಕ ಆಡಿದರೆ ಬ್ಯಾನರ್ ಮೇಲೆ ಅದೇ ನಗಾರಿ ಇರುತ್ತದೆ. ಬರೆದವರ ಹೆಸರು ಮಾತ್ರ ಬಹಳ ಮಂದಿಗೆ ತಿಳಿದಿರುವುದಿಲ್ಲ. ಹೆಸರು ಕೇಳಿ ಬರೆದುಕೊಳ್ಳುತ್ತಿದ್ದ ಮನುಷ್ಯನಿಗೆ ಹೀಗಾಯಿತು.

1946ರ ಫೆಬ್ರವರಿಯಲ್ಲಿ ಮುಂಬೈ ಬಂದರಿನಲ್ಲಿ ನೌಕಾಪಡೆಯ ನಾವಿಕರು ಬಂಡೆದ್ದಾಗ ಚಿತ್ತಪ್ರಸಾದ್ ಅದನ್ನೂ ಚಿತ್ರಿಸಿದರು. ತೆಲಂಗಾಣದ ರೈತ ಹೋರಾಟ, ಕಾರ್ಖಾನೆ ಮುಷ್ಕರ, ಕೋಮುಗಲಭೆ ಯಾವುದೂ ಬಿಡಲಿಲ್ಲ. ಪಕ್ಷದ ಪತ್ರಿಕೆಗೆ ವ್ಯಂಗ್ಯಚಿತ್ರಗಳನ್ನೂ ಬರೆದರು. ಅವುಗಳಲ್ಲಿ ಕೆಲವು ಬರೀ ಪ್ರಚಾರ, ಆ ವಾರದ ಘೋಷಣೆಗೆ ಚಿತ್ರ ಕಟ್ಟಿಕೊಟ್ಟಂತೆ ಇವೆ. ಅದನ್ನು ಒಪ್ಪಿಕೊಳ್ಳಬೇಕು.

ಪಕ್ಷದಿಂದ ದೂರ, ಅಂಧೇರಿಗೆ ಹತ್ತಿರ

ಸ್ವಾತಂತ್ರ್ಯ ಬಂದ ಬೆನ್ನಲ್ಲೇ ಪಕ್ಷದೊಳಗೆ ಎಲ್ಲ ತಲೆಕೆಳಗಾಯಿತು. 1948ರಲ್ಲಿ ಪಿ.ಸಿ. ಜೋಶಿಯವರನ್ನು ನಾಯಕತ್ವದಿಂದ ಇಳಿಸಿ ಬಿ.ಟಿ. ರಣದಿವೆ ಬಂದರು. ಸಶಸ್ತ್ರ ಕ್ರಾಂತಿಯ ದಾರಿ ಹಿಡಿಯಲಾಯಿತು. ಜೋಶಿ ಕಟ್ಟಿದ ಕಲಾವಿದರ ಬಳಗ ಚದುರಿತು. ರವಿಶಂಕರ್ ಅದಕ್ಕೂ ಮೊದಲೇ ತಮ್ಮ ದಾರಿ ಹಿಡಿದಿದ್ದರು. ಕೆಲವರು ಸಿನಿಮಾಕ್ಕೆ ಹೋದರು, ಹೆಸರು ಮಾಡಿದರು. ಚಿತ್ತಪ್ರಸಾದ್ ಎಲ್ಲಿಗೂ ಹೋಗಲಿಲ್ಲ. ಪಕ್ಷದಿಂದ ಮೆಲ್ಲಗೆ ದೂರ ಸರಿದರು, ಅಷ್ಟೇ. ವಿರೋಧಿ ಪಾಳಯ ಸೇರಿ ಬೈಯಲಿಲ್ಲ. ತಾವು ನಂಬಿದ್ದನ್ನು ಬಿಡಲೂ ಇಲ್ಲ. ಸರ್ಕಾರವನ್ನು ಪ್ರಶ್ನಿಸುವುದು ಒಂದು ಬಗೆಯ ಕಷ್ಟ. ತನಗೆ ಅನ್ನ ಹಾಕಿದ, ತನ್ನನ್ನು ಬೆಳೆಸಿದ ಮನೆಯ ಜೊತೆ ಒಪ್ಪಿಗೆ ಇಲ್ಲದಾಗ ಹೊರಗೆ ನಡೆಯುವುದು ಇನ್ನೊಂದು ಬಗೆಯ ಕಷ್ಟ. ಎರಡನೆಯದರಲ್ಲಿ ಚಪ್ಪಾಳೆ ಇರುವುದಿಲ್ಲ, ಸಂಬಳವೂ ಇರುವುದಿಲ್ಲ.

ಅದೇ ಹೊತ್ತಿಗೆ ಮುಂಬೈ ಕಲಾಲೋಕ ಬೇರೆ ಕಡೆ ಹೊರಳುತ್ತಿತ್ತು. 1947ರಲ್ಲಿ ಸೋಜಾ, ರಜಾ, ಹುಸೇನ್, ಆರಾ, ಗಾಡೆ, ಬಾಕ್ರೆ ಸೇರಿ ಪ್ರೋಗ್ರೆಸ್ಸಿವ್ ಆರ್ಟಿಸ್ಟ್ಸ್ ಗ್ರೂಪ್ ಕಟ್ಟಿದರು. ನಮ್ಮ ಉಡುಪಿ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ಇದೇ ಊರಿನಲ್ಲಿ ತಮ್ಮದೇ ಶೈಲಿಯಲ್ಲಿ ಹೆಸರು ಮಾಡುತ್ತಿದ್ದರು. ಗ್ಯಾಲರಿ, ಕೊಳ್ಳುವವರು, ವಿಮರ್ಶಕರು, ವಿದೇಶ ಪ್ರವಾಸ ಎಲ್ಲವೂ ನಿಧಾನಕ್ಕೆ ಬಂದವು. ಚಿತ್ತಪ್ರಸಾದ್ ಈ ಯಾವ ಸಾಲಿನಲ್ಲೂ ನಿಲ್ಲಲಿಲ್ಲ.

ಅವರು ಆರಿಸಿಕೊಂಡದ್ದು ಲಿನೋಕಟ್. ನೆಲಕ್ಕೆ ಹಾಸುವ ಲಿನೋಲಿಯಂ ಹಾಳೆಯ ಮೇಲೆ ಸಣ್ಣ ಉಳಿಯಿಂದ ಕೆತ್ತುವುದು. ಕೆತ್ತಿ ತೆಗೆದ ಕಡೆ ಬಿಳಿ ಉಳಿಯುತ್ತದೆ, ಬಿಟ್ಟ ಕಡೆ ಶಾಯಿ ಹಿಡಿಯುತ್ತದೆ. ರೋಲರ್‌ನಿಂದ ಶಾಯಿ ಹಚ್ಚಿ, ಮೇಲೆ ಕಾಗದ ಇಟ್ಟು ಒತ್ತಿದರೆ ಚಿತ್ರ ಸಿದ್ಧ. ಯಂತ್ರ ಇಲ್ಲದಿದ್ದರೂ ನಡೆಯುತ್ತದೆ, ಕೈಯಿಂದಲೇ ತಿಕ್ಕಿ ಒತ್ತಬಹುದು. ಒಂದು ಹಾಳೆಯಿಂದ ಹತ್ತಾರು ಪ್ರತಿ ಬರುತ್ತವೆ. ಚಿತ್ರ ಒಬ್ಬ ಸಾಹುಕಾರನ ಗೋಡೆಗೆ ಮಾತ್ರ ಸೇರಬೇಕಿಲ್ಲ. ಇದು ಅಗ್ಗ, ಹಾಗಾಗಿ ಬಡವರ ಕಲೆ ಎನ್ನುವವರಿದ್ದಾರೆ. ಆದರೆ ಮಾಡಿ ನೋಡಿದವರಿಗೆ ಗೊತ್ತು, ಇಲ್ಲಿ ಅಳಿಸಿ ತಿದ್ದುವ ಅವಕಾಶವಿಲ್ಲ. ಉಳಿ ಜಾರಿದರೆ ಹಾಳೆ ಹಾಳು. ಮೇಲಾಗಿ ಎಡಬಲ ತಿರುಗಿ ಅಚ್ಚಾಗುತ್ತದೆ, ಎಲ್ಲವನ್ನೂ ಕನ್ನಡಿಯಲ್ಲಿ ನೋಡಿದಂತೆ ಯೋಚಿಸಿ ಕೆತ್ತಬೇಕು.

ಸಿನಿಮಾ ಅವರ ಮನೆ ಬಾಗಿಲಿಗೆ ಬಂದು ಹೋಗುತ್ತಿತ್ತು. ಬಿಮಲ್ ರಾಯ್ ಅವರ 'ದೋ ಬಿಘಾ ಜಮೀನ್' 1953ರಲ್ಲಿ ಬಂತು. ಸಾಲ ತೀರಿಸಲಾಗದೆ ಎರಡು ಬಿಘಾ ನೆಲ ಉಳಿಸಿಕೊಳ್ಳಲು ಕೋಲ್ಕತ್ತಾಗೆ ಹೋಗಿ ರಿಕ್ಷಾ ಎಳೆಯುವ ರೈತನ ಕಥೆ. ಆ ರೈತನಾದವರು ಇಪ್ಟಾದ ಬಲರಾಜ್ ಸಾಹ್ನಿ. ಚಿತ್ರದ ಪ್ರಚಾರಕ್ಕೆ ಲಿನೋಕಟ್ ಮಾಡಿಕೊಟ್ಟವರು ಚಿತ್ತಪ್ರಸಾದ್. ಚಿತ್ರ ಕಾನ್ ಚಲನಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದಿತು. ಬೇರೆ ಯಾರಾದರೂ ಆಗಿದ್ದರೆ ಅದನ್ನೇ ಹಿಡಿದು ಪೋಸ್ಟರ್ ವ್ಯವಹಾರ ಶುರು ಮಾಡುತ್ತಿದ್ದರು.

ಕಥೆ ಕೇಳದ ಮಕ್ಕಳು

1950ರ ದಶಕದ ಆರಂಭದಲ್ಲಿ ಅವರು ಕೆತ್ತಲು ಶುರು ಮಾಡಿದ ಮಾಲೆಗೆ ಇಟ್ಟ ಹೆಸರು 'ಏಂಜಲ್ಸ್ ವಿದೌಟ್ ಫೇರಿ ಟೇಲ್ಸ್'. ನಮ್ಮ ಮಾತಿನಲ್ಲಿ ಹೇಳುವುದಾದರೆ ಅಜ್ಜಿಕಥೆ ಸಿಗದ ದೇವತೆಗಳು. ದೊಡ್ಡವರ ಕೆಲಸ ಮಾಡುವ ಮಕ್ಕಳ ಚಿತ್ರಗಳು ಅವು. ಬೂಟ್ ಪಾಲಿಶ್ ಮಾಡುವ ಹುಡುಗ, ಬೀದಿಯಲ್ಲಿ ಕಸರತ್ತು ತೋರಿಸಿ ಕಾಸು ಕೇಳುವ ಮಗು, ಫುಟ್‌ಪಾತ್‌ನಲ್ಲಿ ಮುದುರಿ ಮಲಗಿದವರು.

ಇವುಗಳಲ್ಲಿ ಕಣ್ಣೀರು ಕಡಿಮೆ. ಮಕ್ಕಳು ಅಳುತ್ತಿಲ್ಲ, ಕೈಚಾಚುತ್ತಿಲ್ಲ. ಕೆಲಸದಲ್ಲಿ ಮುಳುಗಿದ್ದಾರೆ. ಅವರ ಕಣ್ಣು ದೊಡ್ಡವರ ಕಣ್ಣಿನ ಹಾಗೆ ದಣಿದಿದೆ, ಕೈ ಮಾತ್ರ ಇನ್ನೂ ಮಗುವಿನದು. ನೋಡುವವರ ಕನಿಕರವನ್ನು ಕೇಳದ ಚಿತ್ರಗಳು. ಮಿಡ್ನಾಪುರದಲ್ಲಿ ಹೆಸರು ಬರೆದುಕೊಂಡ ಮನುಷ್ಯ ಇಲ್ಲಿ ಹೆಸರು ಬರೆಯದೆಯೂ ಅದೇ ಕೆಲಸ ಮಾಡಿದ್ದಾರೆ. ಪ್ರತಿ ಮಗುವಿಗೂ ತನ್ನದೇ ಮುಖವಿದೆ.

ಇದೇ ಕಾಲದಲ್ಲಿ ಅವರಿಗೆ ಗೊಂಬೆಯಾಟದ ಹುಚ್ಚು ಹತ್ತಿತು. ಜೆಕ್ ದೇಶದ ಸ್ನೇಹಿತರ ಉತ್ತೇಜನವೂ ಇತ್ತು, ಗೊಂಬೆಯಾಟದಲ್ಲಿ ಆ ದೇಶದ್ದು ದೊಡ್ಡ ಹೆಸರು. ಅವರ ಗೊಂಬೆ ರಂಗಕ್ಕೆ ಇಟ್ಟ ಹೆಸರು 'ಖೇಲಾಘರ್', ಆಟದ ಮನೆ. ಗೊಂಬೆ, ಬಟ್ಟೆ, ರಂಗ ಎಲ್ಲ ತಾವೇ ಮಾಡಿ ಸುತ್ತಲಿನ ಬಡ ಮಕ್ಕಳಿಗೆ ಆಟ ತೋರಿಸುತ್ತಿದ್ದರು. ಮಕ್ಕಳಿಗಾಗಿ ಕಥೆಗಳನ್ನು ಬರೆದು ಚಿತ್ರ ಬಿಡಿಸಿದರು. ಅದರಲ್ಲೊಂದು ರಸಗುಲ್ಲಾ ರಾಜ್ಯದ ಕಥೆ, ಬಂಗಾಳಿಯಲ್ಲವೇ. ಒಂದು ಕೈ ಅಜ್ಜಿಕಥೆ ಸಿಗದ ಮಕ್ಕಳನ್ನು ಕೆತ್ತುತ್ತಿತ್ತು, ಇನ್ನೊಂದು ಕೈ ಆ ಮಕ್ಕಳಿಗೆ ಕಥೆ ಮಾಡಿಕೊಡುತ್ತಿತ್ತು. ಸಮಾಜವನ್ನು ಪ್ರಶ್ನಿಸುವ ಕಲೆ ಎಂದರೆ ಸದಾ ಮುಷ್ಟಿ ಬಿಗಿದ ಕಲೆ ಎಂದುಕೊಂಡವರಿಗೆ ಚಿತ್ತಪ್ರಸಾದ್ ಸ್ವಲ್ಪ ಕಷ್ಟದ ಮನುಷ್ಯ.

ಮಕ್ಕಳ ಮಾಲೆ ಇಲ್ಲಿ ಪುಸ್ತಕವಾಗದೆ ಸುಮಾರು ಒಂದೂವರೆ ದಶಕ ಕಳೆಯಿತು. 1959ರಲ್ಲಿ ವಿಶ್ವಸಂಸ್ಥೆ ಮಕ್ಕಳ ಹಕ್ಕುಗಳ ಘೋಷಣೆ ಮಾಡಿತು. ಅದಾಗಿ ಹತ್ತು ವರ್ಷಕ್ಕೆ, 1969ರಲ್ಲಿ, ಯುನಿಸೆಫ್‌ನ ಡೇನಿಶ್ ಸಮಿತಿ ಇದನ್ನು ಹೊರತಂದಿತು. ಬ್ರಾಂಡೆಸ್ ದೇಶದವರಿಗೆ ಈ ಕಲೆಯನ್ನು ಗುರುತಿಸಲು ಪದ ಮೊದಲೇ ಸಿದ್ಧವಿತ್ತು ಅನ್ನಬಹುದೇನೋ. ಇದರಲ್ಲಿ ನಮಗೆ ಸ್ವಲ್ಪ ಮುಜುಗರವೂ ಇದೆ. ನಮ್ಮ ಬೀದಿಯ ಮಕ್ಕಳನ್ನು ಡೆನ್ಮಾರ್ಕ್‌ನ ಮನೆಗಳಲ್ಲಿ ಕೂತು ನೋಡಿದರು. ಆ ಮಕ್ಕಳು ಓಡಾಡುತ್ತಿದ್ದ ಊರಿನಲ್ಲಿ ನೋಡಿದವರು ಬಹಳ ಕಡಿಮೆ.

ಪ್ರಾಗ್ ಕೂಡ ಅವರನ್ನು ಗುರುತಿಸಿತು. ಅಲ್ಲಿನ ರಾಷ್ಟ್ರೀಯ ಗ್ಯಾಲರಿಯಲ್ಲಿ ಅವರ ಕೃತಿಗಳಿವೆ. 1972ರಲ್ಲಿ ಜೆಕ್ ನಿರ್ದೇಶಕ ಪಾವೆಲ್ ಹೊಬ್ಲ್ ಅವರ ಮೇಲೆ 'ಕನ್ಫೆಷನ್' ಎಂಬ ಸಾಕ್ಷ್ಯಚಿತ್ರ ಮಾಡಿದರು. ಅದರಲ್ಲಿ ಕಾಣುವ ಮನುಷ್ಯನ ಬದುಕು ಸರಳ ಅನ್ನುವುದಕ್ಕಿಂತ ಬಡದ್ದು. ಮನೆ ತುಂಬ ಚಿತ್ರಗಳು. ಮದುವೆಯಾಗಿರಲಿಲ್ಲ. ಸಂಪಾದನೆಯ ಲೆಕ್ಕ ಹಿಡಿದರೆ ಸೋತವರ ಪಟ್ಟಿಗೆ ಸೇರುತ್ತಾರೆ. ಕಾಗದ ಕೊಳ್ಳಲೂ ಯೋಚಿಸಬೇಕಾದ ದಿನಗಳಿದ್ದವು. ಅವರ ಎಷ್ಟೋ ಅಚ್ಚುಗಳು ಕಳಪೆ, ತೆಳು ಕಾಗದದ ಮೇಲಿವೆ. ಈಗ ಅವನ್ನು ಕಾಪಾಡುವವರಿಗೆ ಅದೇ ದೊಡ್ಡ ತಲೆನೋವು. ತಾಯಿಗೆ ಮುಂಬೈನಿಂದ ಕಾಗದ ಬರೆಯುತ್ತಿದ್ದರು, ಆ ಪತ್ರಗಳು ಉಳಿದುಕೊಂಡಿವೆ.

ಆರೋಗ್ಯ ಕೆಟ್ಟ ಮೇಲೆ ಬಂಗಾಳಕ್ಕೆ ಮರಳಿದರು. 1978ರ ನವೆಂಬರ್ 13ರಂದು ಕೋಲ್ಕತ್ತಾದಲ್ಲಿ ತೀರಿಕೊಂಡರು. ಆಗ ವಯಸ್ಸು 63.

ಬ್ಯಾಂಕ್ ಲಾಕರ್‌ನ ಪ್ರತಿ

ಅವರು ಸತ್ತ ಮೇಲೂ ಕಲಾ ಮಾರುಕಟ್ಟೆ ಅವರ ಕಡೆ ತಿರುಗಿ ನೋಡಲು ಬಹಳ ವರ್ಷ ಹಿಡಿಯಿತು. 2011ರಲ್ಲಿ ದೆಹಲಿ ಆರ್ಟ್ ಗ್ಯಾಲರಿ ಅವರ ಜೀವಮಾನದ ಕೃತಿಗಳ ದೊಡ್ಡ ಪ್ರದರ್ಶನ ಏರ್ಪಡಿಸಿ ಸಂಪುಟಗಳನ್ನು ಹೊರತಂದಿತು. 2017ರಲ್ಲಿ ಜರ್ಮನಿಯ ಕಾಸೆಲ್‌ನ ಪ್ರಸಿದ್ಧ 'ಡಾಕ್ಯುಮೆಂಟಾ' ಪ್ರದರ್ಶನದಲ್ಲೂ ಅವರ ಚಿತ್ರಗಳಿದ್ದವು. ಜೀವನವಿಡೀ ಗ್ಯಾಲರಿಗಳಿಂದ ದೂರ ಉಳಿದವರ ಬರಗಾಲದ ಚಿತ್ರಗಳು ಈಗ ಹರಾಜಿಗೂ ಬರುತ್ತವೆ. ಇದಕ್ಕೆ ಏನು ಹೇಳುವುದೋ ತಿಳಿಯದು.

ಇನ್ನು ಆ ತಪ್ಪಿಸಿಕೊಂಡ ಪ್ರತಿ. ಬ್ರಿಟಿಷರು ಸುಟ್ಟ 'ಹಂಗ್ರಿ ಬೆಂಗಾಲ್'ನ ಒಂದೇ ಒಂದು ಪುಸ್ತಿಕೆಯನ್ನು ಚಿತ್ತಪ್ರಸಾದ್ ಕುಟುಂಬದವರು ಕೋಲ್ಕತ್ತಾದ ಬ್ಯಾಂಕ್ ಲಾಕರ್‌ನಲ್ಲಿ ಇಟ್ಟು ಕಾಪಾಡಿದ್ದರು. ಜನ ಒಡವೆ ಇಡುವ ಜಾಗದಲ್ಲಿ ಅವರು ಹಳೆಯ ಕಾಗದ ಇಟ್ಟಿದ್ದರು. 2011ರ ಪ್ರದರ್ಶನದ ಹೊತ್ತಿಗೆ ಅದರ ಯಥಾಪ್ರತಿ ಅಚ್ಚಾಯಿತು. 1943ರಲ್ಲಿ ರಸ್ತೆ ಬದಿ ಕೂತು ಚಿತ್ತಪ್ರಸಾದ್ ಕೇಳಿ ಬರೆದುಕೊಂಡ ಹೆಸರುಗಳು, ಊರುಗಳು, ಕಸುಬುಗಳು ಅದರಲ್ಲಿ ಹಾಗೆಯೇ ಇವೆ.